ಒಗ್ಗರಣೆ ಡಬ್ಬಿಯ ಗಿಳಿ

ನಮ್ಮ ಸೋದರಮಾವನ ಮನೆಯಲ್ಲಿ ಒಂದು ಆನೆ, ಒಂದು ಗೂಳಿ, ಅವಳಿ ಮಕ್ಕಳಿಗೆ ಹಾಲೂಡಿಸುತ್ತಿರುವ ಒಂದು ತೋಳ, ಮುಂದೆ ಆಡೂ ಹಿಂದೆ ಮೀನೂ ಆಗಿರುವ ಒಂದು ವಿಚಿತ್ರ, ಮತ್ತು ಒಂದು ಗಿಳಿ ಇವೆ ಎಂದರೆ ನೀವು ಅರಣ್ಯ ಇಲಾಖೆಗೆ ಫೋನು ಮಾಡುತ್ತೀರಿ. ಮಾಡಿ! ಅವರು ಜೀಪು, ಬಲೆ, ಅರಿವಳಿಕೆ ಬಂದೂಕು ಸಮೇತ ಆದೋನಿಗೆ ಬಂದು, ಮಾವನ ಅಡುಗೆಮನೆಗೆ ನುಗ್ಗಿ, ಅತ್ತೆಯ ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದಾಗ ಅವರ ಮುಖ ಹೇಗಾಗುತ್ತದೆ ಎಂದು ನಾನು ಈಗಲೇ ಮಾಡಿ ತೋರಿಸಬಲ್ಲೆ. ಬರಹದಲ್ಲಿ ಮುಖ ಮಾಡಿ ತೋರಿಸಲು ಬರುವುದಿಲ್ಲ ಎಂಬುದೊಂದೇ ನನ್ನ ಕೊರಗು.

ಗಾಬರಿ ಬೇಡ. ಈ ಪ್ರಾಣಿಗಳೆಲ್ಲ ಹೆಬ್ಬೆರಳ ಉಗುರಿನಷ್ಟಗಲ, ಪುರಾತನ ರೋಮನ್ ನಾಣ್ಯಗಳ ಮೇಲೆ ಅಚ್ಚಾದವು. ಮಾವ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ದಲ್ಲಾಳಿ. ಹತ್ತಿ ದಲ್ಲಾಳಿಗೂ ರೋಮಿಗೂ ಎಲ್ಲಿಯ ನಂಟು ಎನ್ನುತ್ತೀರಾ? ಅವರನ್ನೇ ಕೇಳಿ ನೋಡಿ.

"ಆ ಕಾಲಕ್ಕ ಅವರು ನಮ್ಮ ಕಡೀ ಹತ್ತಿ ಅರಿವಿಗೆ ಬಾಯಿ ಬಾಯಿ ಬಿಡತಿದ್ರು. ಹತ್ತಿ ನಮ್ದು, ರೊಕ್ಕ ಅವರದು. ನಾನಿದ್ದಿಲ್ಲಂತ ಯಾವನೋ ಬ್ಯಾರೆ ದಲ್ಲಾಳಿ ನಡಕ ನಿಂತು ಕಮಿಷನ್ ತಿಂದಾನ!" ಎಂದು, ಎರಡು ಸಾವಿರ ವರ್ಷ ತಡವಾಗಿ ಹುಟ್ಟಿದ ಸಂಕಟದಲ್ಲಿ ನಿಟ್ಟುಸಿರು ಬಿಡುತ್ತಾರೆ.

ಅದೂ ಎಲ್ಲ ರೋಮನ್ ನಾಣ್ಯವೂ ಅವರಿಗೆ ಆಗುವುದಿಲ್ಲ. ಪ್ರಾಣಿ ಇರಲೇಬೇಕು. ಯಾರಾದರೂ ದೇವತೆಯಿರುವ ನಾಣ್ಯ ತಂದರೆ ಕೈಮುಗಿದು ಹಿಂದಿರುಗಿಸುತ್ತಾರೆ. "ದೇವರು ನಮ್ಮನ್ಯಾಗ ಬೇಕಾದಷ್ಟು ಅದಾರಪಾ, ಕೊಟ್ಟಿಗಿ ಖಾಲಿ ಐತಿ." ತಿಳಿದವರ ಪ್ರಕಾರ ಚಕ್ರವರ್ತಿಯ ಮುಖವಿರುವುದು ನಾಣ್ಯದ ಮುಂಬದಿ. ಮಾವನ ಪ್ರಕಾರ ಪ್ರಾಣಿ ಇರುವುದೇ ಮುಂಬದಿ. ಚಕ್ರವರ್ತಿಗಳೆಲ್ಲ ಹಿಂಬದಿಗೆ ಬಿದ್ದಿದ್ದಾರೆ, ಅವರಿಗೆ ಹೆಸರೂ ಇಲ್ಲ. 'ಉದ್ದ ಮೂಗಿನವ', 'ಗಿಡ್ಡ ಮೂಗಿನವ', 'ನೆಗಡಿಯವ', ಅಷ್ಟೇ. ಲೋಕವನ್ನು ನಡುಗಿಸಿದ ಮಹಾಶಯರು ನಮ್ಮ ಮಾವನ ಮನೆಯಲ್ಲಿ ಗೂಳಿಯ ಬೆನ್ನಿಗೆ ಬೆನ್ನು ಹಚ್ಚಿ, ಸಾಸಿವೆಯ ವಾಸನೆ ಕುಡಿಯುತ್ತ, ಬೋರಲು ಮಲಗಿದ್ದಾರೆ!

ಸಾಸಿವೆ ಯಾಕೆಂದರೆ, ಮಾವನ ಮೃಗಾಲಯವಿರುವುದು ಒಗ್ಗರಣೆ ಡಬ್ಬಿಯಲ್ಲಿ. ದುಂಡನೆಯ ಸ್ಟೀಲ್ ಡಬ್ಬಿ, ಒಳಗೆ ಪುಟ್ಟ ಪುಟ್ಟ ಬಟ್ಟಲು, ಒಂದೊಂದು ಬಟ್ಟಲಿಗೆ ಒಂದೊಂದು ಪ್ರಾಣಿ. ಇದಕ್ಕಿಂತ ಒಳ್ಳೆಯ ಬೋನು ಯಾರು ಮಾಡಿಕೊಡುತ್ತಾರೆ ಹೇಳಿ? ಅತ್ತೆ ಮಾತ್ರ ಇವತ್ತಿಗೂ ಅದನ್ನು ಮರೆತಿಲ್ಲ. "ಲಗ್ನದಾಗ ನಮ್ಮವ್ವ ಕೊಟ್ಟ ಡಬ್ಬಿ ಅದು. ಜೀರಿಗಿ ಬೀದಿಗೆ ಬಿತ್ತು, ತ್ವಾಳ ಒಳಗ ಬಂತು!"

ಈ ಮೃಗಾಲಯವನ್ನು ನಾಲ್ಕು ಜನ ನೋಡಬೇಕು ಎಂಬುದು ಮಾವನ ಜೀವಮಾನದ ಆಸೆ. ಬಳ್ಳಾರಿಯಲ್ಲಿ ವರ್ಷಕ್ಕೊಮ್ಮೆ ಹಳೆಯ ನಾಣ್ಯಗಳ ಮೇಳ ನಡೆಯುತ್ತದೆ. ಅಲ್ಲಿ ಒಂದು ಮೇಜು ಸಿಗಬೇಕು, ಮೇಜಿಗೆ ಬಿಳಿ ಬಟ್ಟೆ ಹಾಸಿರಬೇಕು, ಹಿಂದೆ ಕುರ್ಚಿಯಲ್ಲಿ ತಾವು ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿರಬೇಕು. ಇಷ್ಟೇ. ವರ್ಷವೂ ಕೇಳುತ್ತಿದ್ದರು, ವರ್ಷವೂ 'ಮುಂದಿನ ಸಲ ನೋಡೋಣ' ಎಂಬ ಉತ್ತರ ಬರುತ್ತಿತ್ತು.

ಇನ್ನು ನನ್ನ ಕಥೆ. ನಾನು ಹೊಳಗುಂದದವನು. ಡಿಗ್ರಿ ಓದಲೆಂದು ಆದೋನಿಯ ಮಾವನ ಮನೆಗೆ ಬಂದು, ಡಿಗ್ರಿ ಮುಗಿದರೂ ಹೋಗುವುದನ್ನು ಮರೆತವನು. ಮಾವನಿಗೆ ಮಕ್ಕಳಿಲ್ಲ, ಆ ಹುದ್ದೆಗೆ ಅರ್ಜಿಯನ್ನೇ ಹಾಕದೆ ನೇಮಕಗೊಂಡವನು. ಅವರಿವರ ಧ್ವನಿ ತೆಗೆಯುವುದು ನನ್ನ ಕಸುಬು. ಬಸ್‌ಸ್ಟ್ಯಾಂಡಿನ ಮೈಕಿನವನಿಂದ ಹಿಡಿದು ಪ್ರಿನ್ಸಿಪಾಲರ ಕೆಮ್ಮಿನವರೆಗೆ ಯಾವುದನ್ನೂ ಬಿಟ್ಟಿಲ್ಲ. ನಾನು ಹುಟ್ಟಿದ್ದೇ ವಟಗುಟ್ಟುತ್ತ ಎಂಬುದು ನನ್ನ ಗಾಢ ನಂಬಿಕೆಯಾಗಿತ್ತು. ಹೀಗಾಗಿ ಒಂದು ತೊಂದರೆಯಾಗಿದೆ: ಯಾವಾಗಲಾದರೂ ನನ್ನದೇ ಧ್ವನಿಯಲ್ಲಿ ಊರಿಗೆ ಫೋನು ಮಾಡಿದರೆ ನಮ್ಮವ್ವ, "ಇದ್ಯಾರ ಧ್ವನಿ ತಗದಿಯೋ? ಒಂಚೂರೂ ಚೊಲೋ ಇಲ್ಲ" ಎನ್ನುತ್ತಾಳೆ.

ನನ್ನ ಅತ್ಯುತ್ತಮ ಐಟಂ ಎಂದರೆ ಮಾವನ ಸೀನು. ವರ್ಷಗಟ್ಟಲೆ ಹತ್ತಿಯ ಧೂಳು ಕುಡಿದ ಮೂಗು ಅದು. ಜಿನ್ನಿಂಗ್ ಮಿಲ್ಲಿನ ಸೈರನ್ನಿನಂತೆ ಸಣ್ಣಗೆ ಎದ್ದು, ಮೇಲಕ್ಕೆ ಹೋಗಿ, ಅಲ್ಲೇ ನಿಂತು, ಸುತ್ತಲಿನವರನ್ನೆಲ್ಲ ಕಾಯಿಸಿ, ಆಮೇಲೆ ಬರುತ್ತದೆ: "ಹಾ... ಆ... ಆಕ್ಷೀ... ಶಿವಾ!" ಕೊನೆಯ 'ಶಿವಾ' ಇಲ್ಲದೆ ಆ ಸೀನು ಪೂರ್ತಿಯಾಗುವುದಿಲ್ಲ. ಯಾರ್ಡಿನಲ್ಲಿ ಈ ಸೀನಿಗೆ ಹತ್ತಿಯ ರಾಶಿಯೇ ಒಂದು ಗೇಣು ಸರಿಯುತ್ತದೆ ಎಂದು ನಾನು ಹೇಳಿದರೆ ನೀವು ನಂಬಬೇಡಿ. ಅರ್ಧ ಗೇಣು.

ಮಾವ ಬೆಲೆ ಕಟ್ಟುವ ರೀತಿಯನ್ನು ನೋಡಬೇಕು ನೀವು! ಮೊದಲು ಕಣ್ಣು ಮುಚ್ಚಿ, ಅರಳೆಯ ಎಳೆ ಎಳೆದು ನೋಡುವಂತೆ ನಾಣ್ಯವನ್ನು ಎರಡು ಬೆರಳ ನಡುವೆ ಹೊಸಕುತ್ತಾರೆ. ಆಮೇಲೆ ಕಣ್ಣು ತೆರೆದು, ದನದ ಸಂತೆಯಲ್ಲಿ ನಿಂತವರಂತೆ ಪ್ರಾಣಿಯ ಕಾಲು, ಕತ್ತು, ನಡೆ ನೋಡುತ್ತಾರೆ. "ಗೂಳಿ ಪಾಡ ಐತಿ, ಗಳೇಕ್ಕ ಹೂಡಾಕ ಬರ್ತೈತಿ." "ಈ ಆನಿಗೆ ಸೊಕ್ಕು ಭಾಳ, ಬೆಲಿ ಇಳಸು." ತೋಳದ ಬಟ್ಟಲಿಗೆ ಬಂದಾಗ ಮಾತ್ರ ಮೆತ್ತಗಾಗುತ್ತಾರೆ. "ಯಾರದೋ ಮಕ್ಕಳಿಗೆ ಹಾಲು ಕುಡಿಸ್ಯಾಳಪಾ. ಆಕಿಗೆ ಬೆಲಿ ಕಟ್ಟಾಕ ನಾನ್ಯಾರು?"

ಬೆಲೆಯನ್ನು ಬಾಯಿಬಿಟ್ಟು ಹೇಳುವುದು ಅವರ ಪ್ರಕಾರ ಪ್ರಾಣಿಗೆ ಮಾಡುವ ಅವಮಾನ. ಯಾರ್ಡಿನಲ್ಲಿ ಈಗ ಎಲ್ಲ ಕಂಪ್ಯೂಟರ್ ಟೆಂಡರು. ಮಾವ ಮಾತ್ರ ಹೆಗಲ ಟವೆಲ್ ಬಿಟ್ಟಿಲ್ಲ. ಟವೆಲ್ ಕೆಳಗೆ ಕೈ ಸೇರಿಸಿ, ಬೆರಳು ಹಿಸುಕಿ, ಯಾರಿಗೂ ಕಾಣದಂತೆ ರೇಟು ಹೇಳುವುದೇ ಅವರಿಗೆ ವ್ಯಾಪಾರ. ಒಮ್ಮೆ ಹೈದರಾಬಾದಿನ ನಾಣ್ಯ ವ್ಯಾಪಾರಿಯೊಬ್ಬ ವಿಡಿಯೋ ಕಾಲ್ ಮಾಡಿ ಒಂದು ಜಿಂಕೆ ತೋರಿಸಿದ. ಮಾವನಿಗೆ ಮನಸ್ಸಾಯಿತು. ಏನು ಮಾಡಿದರು ಗೊತ್ತೇ? ಫೋನಿನ ಮೇಲೆ ಟವೆಲ್ ಹೊದಿಸಿ, ಒಳಗೆ ಕೈ ತೂರಿಸಿ, ಪರದೆಯನ್ನು ಹಿಸುಕತೊಡಗಿದರು! ಆ ಕಡೆಯಿಂದ "ಸಾರ್, ಕರೆಂಟ್ ಪೋಯಿಂದಾ? ಅಂತಾ ಚೀಕಟಿ!" ಎಂಬ ಕೂಗು; ಅವನಿಗೆ ಎಲ್ಲ ಕತ್ತಲೆ. ಈ ಕಡೆ ಮಾವ, "ತಿಳೀತಿಲ್ಲೋ? ಇನ್ನೊಮ್ಮಿ ಒತ್ತತೀನಿ ನೋಡು" ಎಂದು ಮತ್ತೆ ಹಿಸುಕಿದರು. ಟವೆಲ್ ತೆಗೆದು ನೋಡಿದರೆ ಕಾಲ್ ಕಟ್ಟಾಗಿದೆ; ಆದರೆ ಮಾವನ ಬೆರಳು ಎಲ್ಲೆಲ್ಲಿ ತಾಗಿತ್ತೋ ಅಲ್ಲೆಲ್ಲ ಕೆಂಪು ಹೃದಯಗಳು ಸಾಲುಸಾಲಾಗಿ ಹೈದರಾಬಾದಿಗೆ ಹಾರಿಹೋಗಿದ್ದವು. ಉತ್ತರ ಬಂತು: "ಸಾರ್, ನಾಕು ಪೆಳ್ಳಯಿಂದಿ." ತನಗೆ ಮದುವೆಯಾಗಿದೆ ಎಂದು ಆ ಪುಣ್ಯಾತ್ಮ ತೆಲುಗಿನಲ್ಲಿ ವಿನಯದಿಂದ ತಿಳಿಸಿದ್ದ. ಜಿಂಕೆ ಕೈತಪ್ಪಿತು.

ಅತ್ತೆ ಮೃಗಾಲಯಕ್ಕೆ ಮಾಡಿದ ಸೇವೆಯೂ ಕಡಿಮೆಯದಲ್ಲ. ಯುಗಾದಿಯ ಮುಂಚೆ ಹಿತ್ತಾಳೆ ಪಾತ್ರೆ ಬೆಳಗುತ್ತ ಕೂತಿದ್ದವರು ಉತ್ಸಾಹ ಬಂದು ಗೂಳಿಗೂ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟರು. ಹಳೆಯ ನಾಣ್ಯದ ಜೀವವಿರುವುದೇ ಅದರ ಮೇಲೆ ಕಾಲ ಹಚ್ಚಿದ ಕಪ್ಪಿನಲ್ಲಿ. ಮಾವ ಮನೆಗೆ ಬಂದು ನೋಡಿದರೆ ಗೂಳಿ ನಿನ್ನೆ ಹುಟ್ಟಿದ ಕರುವಿನಂತೆ ಪಳಪಳ ಹೊಳೆಯುತ್ತಿದೆ!

"ಎರಡು ಸಾವಿರ ವರ್ಷದ ಬಣ್ಣಾನ ತೊಳದು ಹಾಕಿದ್ಯಲ್ಲೇ!" ಎಂದು ಗೋಡೆ ಹಿಡಿದು ಕೂತರು.

ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಎರಡು ಸಾವಿರ ವರ್ಷ ಯಾರೂ ಬೆಳಗಿದ್ದಿಲ್ಲೇನು? ಎಂಥ ಮೈಗಳ್ಳ ಮಂದಿರೀ ಅವರು!" ಎಂದರು. ರೋಮ್ ಸಾಮ್ರಾಜ್ಯ ಯಾಕೆ ಮುಳುಗಿತು ಎಂದು ಇತಿಹಾಸಕಾರರು ಇನ್ನೂ ಜಗಳಾಡುತ್ತಿದ್ದಾರಂತೆ. ಅತ್ತೆಯನ್ನು ಯಾರೂ ಕೇಳಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದರೆ ಜೊನ್ನಗಿರಿ, ತುಗ್ಗಲಿ ಕಡೆಯ ಕೆಂಪು ಹೊಲಗಳಲ್ಲಿ ಜನವೋ ಜನ. ಮಳೆ ಮಣ್ಣು ತೊಳೆದಾಗ ವಜ್ರ ಮೇಲೆ ಬರುತ್ತದೆಂದು ಊರೂರಿನವರು ಬಂದು, ಬುತ್ತಿ ಕಟ್ಟಿಕೊಂಡು, ಕತ್ತು ಬಗ್ಗಿಸಿ ಹುಡುಕುತ್ತಾರೆ. ಮಾವನೂ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ಎಲ್ಲರೂ ವಜ್ರ ಹುಡುಕಿದರೆ ಇವರು ಪ್ರಾಣಿ ಹುಡುಕುತ್ತಾರೆ! ಯಾರಾದರೂ ಹೊಳೆಯುವ ಕಲ್ಲು ಹಿಡಿದು ಕುಣಿದಾಡಿದರೆ ಹತ್ತಿರ ಹೋಗಿ, "ಬೊಮ್ಮ ಏದೈನಾ ಉಂದಾ?" ಎಂದು ತೆಲುಗಿನಲ್ಲಿ ವಿಚಾರಿಸುತ್ತಾರೆ. ಚಿತ್ರ ಇಲ್ಲವೆಂದರೆ, "ಅಯ್ಯೋ ಪಾಪ, ಬರೇ ಕಲ್ಲು" ಎಂದು ಮರುಗಿ ಮುಂದೆ ಹೋಗುತ್ತಾರೆ. ಈವರೆಗೆ ಅವರಿಗೆ ಅಲ್ಲಿ ಸಿಕ್ಕಿದ್ದು ಒಂದೇ ಒಂದು ಹಕ್ಕಿ. ಅದು ಬೀರ್ ಬಾಟಲಿಯ ಮುಚ್ಚಳದ ಮೇಲಿತ್ತು. ಅದನ್ನೂ ಒರೆಸಿ ಜೇಬಿಗಿಟ್ಟುಕೊಂಡರು. ಬರಿಗೈಯಲ್ಲಿ ಬರಬಾರದಂತೆ!

ಇಷ್ಟೆಲ್ಲ ಹೇಳಿ ಗಿಳಿಯ ಬಟ್ಟಲನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಡಬ್ಬಿಯ ನಟ್ಟನಡುವೆ ಅದಕ್ಕೆ ಜಾಗ. ಸವೆದ ಬೆಳ್ಳಿಯ ನಾಣ್ಯ, ಅದರ ಮೇಲೊಂದು ಹಕ್ಕಿ, ಹಕ್ಕಿಯ ತಲೆಯ ಮೇಲೊಂದು ತೂತು. ಉಳಿದ ಪ್ರಾಣಿಗಳ ವಿಷಯದಲ್ಲಿ ಮಾವ ಯಾರ ಮಾತನ್ನಾದರೂ ಕೇಳಿಯಾರು. ಇದು ಗಿಳಿ ಎಂಬ ವಿಷಯದಲ್ಲಿ ಮಾತ್ರ ಬ್ರಹ್ಮ ಬಂದರೂ ಕೇಳುವುದಿಲ್ಲ. ಕಣ್ಣಿದ್ದ ಯಾರಿಗಾದರೂ ಅದು ಹದ್ದು ಎಂದು ಗೊತ್ತಾಗುತ್ತದೆ. ನಾನು ಬಿಡುತ್ತೇನೆಯೇ?

"ಮಾವ, ಗಿಳಿಗೆ ಇಷ್ಟು ದಪ್ಪ ಕಾಲು ಇರ್ತಾವೇನು?"

"ಅಡ್ಡಾಡಿ ಅಡ್ಡಾಡಿ ದಪ್ಪ ಆಗ್ಯಾವ."

"ಮತ್ತ ರೆಕ್ಕಿ ಹಂಗ್ಯಾಕ ಹರವಿಕೊಂಡು ನಿಂತೈತಿ?"

"ಶಕಿ!"

ಆದೋನಿಯ ಬೇಸಿಗೆಯಲ್ಲಿ ಈ ಉತ್ತರಕ್ಕೆ ಎದುರು ಮಾತಿಲ್ಲ. ಆದರೂ ಕೇಳಿದೆ, "ಕೊಕ್ಕು ಅಷ್ಟು ಚೂಪು?"

"ನಿನ್ನಂಗ ಮಾತಾಡಿ ಮಾತಾಡಿ."

ನಂದವರಂನಿಂದ ಬಂದಿದ್ದ ಪರಿಚಯದ ಆಚಾರ್ಯರೊಬ್ಬರು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, "ಸಾಕ್ಷಾತ್ ಗರುಡ!" ಎಂದರು. ಮಾವ ನಾಣ್ಯವನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, "ನಿಮಗ ಹಾರೋದೆಲ್ಲ ಗರುಡನ ಬಿಡ್ರಿ. ಆಗಳೆ ನಮ್ಮ ಮಾಳಿಗಿ ಮ್ಯಾಲಿನ ಕಾಗಿಗೂ ಕೈ ಮುಗದ್ರಿ!" ಎಂದರು. ಆಚಾರ್ಯರು ಹೊಟ್ಟೆ ಹಿಡಿದು ನಕ್ಕು ಇನ್ನೊಂದು ಲೋಟ ಮಜ್ಜಿಗೆ ಕೇಳಿದರು.

ಹೀಗಿರುವಾಗ ಈ ವರ್ಷ ಬಳ್ಳಾರಿಯಿಂದ ಫೋನು ಬಂತು. ಮೇಜು ಸಿಕ್ಕಿದೆ! ಒಂದೇ ಷರತ್ತು: ಮೇಳದ ತಜ್ಞರು ಬೆಳಿಗ್ಗೆ ಎಲ್ಲ ನಾಣ್ಯ ಪರೀಕ್ಷಿಸುತ್ತಾರೆ, ಅವರು ಏನು ಎನ್ನುತ್ತಾರೋ ಅದನ್ನೇ ಚೀಟಿಯಲ್ಲಿ ಬರೆದು ನಾಣ್ಯದ ಮುಂದಿಡಬೇಕು. ಮಾವ ಆ ದಿನ ಸೀನಿದ ಸೀನಿಗೆ ಪಕ್ಕದ ಮನೆಯ ಕರೆಂಟೇ ಹೋಯಿತು. (ಅದು ಪವರ್ ಕಟ್ ಎಂದು ಪಕ್ಕದ ಮನೆಯವರ ವಾದ.)

ಮೂವರೂ ಬಸ್ಸು ಹತ್ತಿದೆವು. ಡಬ್ಬಿ ಅತ್ತೆಯ ಮಡಿಲಲ್ಲಿ; ಪ್ರಾಣಿ ಅವರವು, ಡಬ್ಬಿ ನನ್ನದು ಎಂಬುದು ಅತ್ತೆಯ ಪಟ್ಟು. ಕಂಡಕ್ಟರ್ ಬಂದು, "ಡಬ್ಬಾಲೋ ಏಮುಂದಮ್ಮಾ?" ಎಂದ. ಅತ್ತೆ ಗಂಭೀರವಾಗಿ, "ಏನುಗು, ಎದ್ದು, ತೋಡೇಲು" ಎಂದು ಆನೆ, ಗೂಳಿ, ತೋಳಗಳನ್ನೆಲ್ಲ ತೆಲುಗಿನಲ್ಲಿ ಒಪ್ಪಿಸಿದರು. ಕಂಡಕ್ಟರ್ ಅಷ್ಟೇ ಗಂಭೀರವಾಗಿ, "ಏನುಗುಕು ಫುಲ್ ಟಿಕೆಟ್ಟಮ್ಮಾ" ಎಂದು ಮುಂದೆ ಹೋದ. ಅವನ ಧ್ವನಿಯನ್ನು ನಾನು ಹಾಲಹರವಿ ಬರುವಷ್ಟರಲ್ಲಿ ಕಲಿತುಬಿಟ್ಟೆ. "ಹಾಲಹರವಿ, ದಿಗಾಲಿ ದಿಗಾಲಿ!" ಎಂದು ಹಿಂದಿನಿಂದ ಕೂಗಿದೆ ನೋಡಿ, ಬಳ್ಳಾರಿಗೆ ಹೋಗಬೇಕಾದವರೂ ನಾಲ್ಕು ಜನ ಇಳಿದರು. ಮತ್ತೆ ಹತ್ತಿಸಿಕೊಳ್ಳುವಾಗ ಕಂಡಕ್ಟರ್ ನನ್ನನ್ನೇ ನೋಡುತ್ತಿದ್ದ. ನಾನು ಕಿಟಕಿಯಾಚೆಯ ಜೋಳದ ಹೊಲವನ್ನು ಬಹಳ ಆಸ್ಥೆಯಿಂದ ನೋಡಿದೆ.

ಮೇಳ ಒಂದು ಕಲ್ಯಾಣ ಮಂಟಪದಲ್ಲಿ. ಮೇಜು, ಬಿಳಿ ಬಟ್ಟೆ, ಕುರ್ಚಿ ಎಲ್ಲ ಮಾವ ಕನಸಿನಲ್ಲಿ ಕಂಡಂತೆಯೇ! ತಜ್ಞರು ಬಂದರು. ಬಿಳಿ ಕೈಗವಸು, ಹಣೆಗೆ ಕಟ್ಟಿದ ಭೂತಗನ್ನಡಿ, ಅಚ್ಚಾದ ಪುಸ್ತಕದಂಥ ಕನ್ನಡ. ಆನೆಗೆ, "ಸೊಗಸಾದ ಮಾದರಿ" ಎಂದರು. ತೋಳಕ್ಕೆ, "ಅಪ್ಪಟ" ಎಂದರು. ಗೂಳಿಯನ್ನು ನೋಡಿ ಬೆಚ್ಚಿ, "ಇದನ್ನು ಯಾರು ಉಜ್ಜಿದ್ದು?" ಎಂದರು.

"ನಾನ ರೀ. ಹೆಂಗ ಹೊಳಿತೈತಿ!" ಅತ್ತೆ ಬೀಗಿದರು. ತಜ್ಞರು ಎದೆ ಹಿಡಿದುಕೊಂಡು ನೀರು ಕುಡಿದರು.

ಆಡು-ಮೀನಿನ ನಾಣ್ಯವನ್ನು ಹೊರಳಿಸಿ ನೋಡಿ, "ಕ್ಷಮಿಸಿ, ಇದು ನಕಲಿ" ಎಂದರು. ಜಗಳ ಬಿಡಿಸಲೆಂದು ನಾನು ಮುಂದೆ ಬಂದೆ. ಮಾವ ಮಾತ್ರ ತಣ್ಣಗೆ, "ನಕಲಿ ಅಂತ ಬರೀರಿ ಸರ್. ಅದರಾಗ ಆಡಿಂದೇನು ತಪ್ಪು ಪಾಪ" ಎಂದರು. ಇಷ್ಟು ಉದಾರ ಮನುಷ್ಯ ಗಿಳಿಯ ವಿಷಯದಲ್ಲೂ ಸುಮ್ಮನಿರಬಹುದು ಎಂದುಕೊಂಡೆ.

ತಜ್ಞರು ನಡುವಿನ ಬಟ್ಟಲಿಗೆ ಬಂದರು. ಬಹಳ ಹೊತ್ತು ನೋಡಿದರು. "ಭಲೇ! ಇಡೀ ಸಂಗ್ರಹದಲ್ಲಿ ಇದೇ ಶ್ರೇಷ್ಠ. ರೋಮನ್ ಸೈನ್ಯದ ಹದ್ದು. ಆದರೆ ಯಾರೋ ಅವಿವೇಕಿ ತೂತು ಕೊರೆದು ಹಾಳು ಮಾಡಿದ್ದಾನೆ. ಹಳೆಯ ತೂತೂ ಅಲ್ಲ, ಅಂಚು ನೋಡಿ, ಇತ್ತೀಚಿನದು. ಒಳ್ಳೆಯ ಅಕ್ಕಸಾಲಿಗರ ಕೈಲಿ ಮುಚ್ಚಿಸಿ, ಬೆಲೆ ಎಷ್ಟೋ ಪಟ್ಟು ಏರುತ್ತದೆ." ಚೀಟಿ ತೆಗೆದು 'ಹದ್ದು' ಎಂದು ಬರೆಯಹೊರಟರು.

"ಗಿಳಿ ಅಂತ ಬರೀರಿ ಸರ್," ಎಂದರು ಮಾವ.

"ಹದ್ದು."

"ಗಿಳಿ. ತೂತೂ ಮುಚ್ಚಸಂಗಿಲ್ಲ."

"ನೋಡಿ, ಚೀಟಿಯಲ್ಲಿ ತಪ್ಪಿದ್ದರೆ ಮೇಜು ಕೊಡಲು ಬರುವುದಿಲ್ಲ."

ಮಾವ ಒಂದು ಗಳಿಗೆ ಆ ಬಿಳಿ ಬಟ್ಟೆಯನ್ನು ನೋಡಿದರು. ಅಂಗೈಯಿಂದ ಅದರ ಒಂದು ಸುಕ್ಕು ಸರಿಮಾಡಿದರು. ಆಮೇಲೆ ಡಬ್ಬಿಯ ಮುಚ್ಚಳ ಕೈಗೆತ್ತಿಕೊಂಡು, "ಬ್ಯಾಡ ಬಿಡ್ರಿ. ನಡೀರಿ, ಮುಂದಿನ ಬಸ್ ಸಿಗ್ತೈತಿ" ಎಂದರು.

ನನಗೆ ತಡೆಯಲಾಗಲಿಲ್ಲ. "ಮಾವ! ಹದ್ದು ಅಂದ್ರ ನಿಮ್ಮ ಗಂಟೇನು ಹೋತು? ಹೆಂಗೂ 'ಯಾರೋ ಅವಿವೇಕಿ ತೂತು ಕೊರೆದು ಹಾಳು ಮಾಡಿದ್ದಾನೆ'..." ಎಂದು ತಜ್ಞರ ಧ್ವನಿಯಲ್ಲೇ ಶುರು ಮಾಡಿದೆ.

"ಏ, ಬಾಯಿ ಮುಚ್ಚು!" ಎಂದರು ಅತ್ತೆ. ಈ ಮೃಗಾಲಯವನ್ನು ಎಲ್ಲರಿಗಿಂತ ಹೆಚ್ಚು ಹಾಸ್ಯ ಮಾಡಿದವರು ಅವರೇ. ಈಗ ಕಣ್ಣಲ್ಲಿ ನೀರು! "ಆ ತೂತು ಹೊಡದೋರು ಇವರ, ನಿಮ್ಮ ಮಾವ. ನಿನಗ ನಾಕು ವರ್ಷ ತುಂಬಾಕ ಬಂದ್ರೂ ಮಾತು ಬಂದಿದ್ದಿಲ್ಲ, ಗೊತ್ತೈತೇನು? ಒಂದು ಅಕ್ಷರ ಇಲ್ಲ. ಬಜಿ ಬೇರು ತೇಯ್ದು ನಾಲಿಗಿಗೆ ಹಚ್ಚಿದ್ವಿ. ಗಿಳಿ ಕಚ್ಚಿದ ಪ್ಯಾರಲಹಣ್ಣು ತಿನಿಸಿದ್ವಿ. ನಿಮ್ಮವ್ವ ಅಳಲಾರದ ದಿನ ಇದ್ದಿಲ್ಲ. ಆವಾಗ ಇವರಿಗೆ ರೋಮೂ ಗೊತ್ತಿದ್ದಿಲ್ಲ, ಗೀಮೂ ಗೊತ್ತಿದ್ದಿಲ್ಲ. ಬೆಳ್ಳಿ ಅಂಗಡಿಯಾಗ ಕರಗಸಾಕ ಇಟ್ಟಿದ್ದ ಈ ಬಿಲ್ಲಿ ಕಂಡು, 'ಗಿಳಿ ಐತಿ ಇದರಾಗ' ಅಂತ ಬೇಡಿ ತಂದ್ರು. ತಾವ ಮೊಳಿ ಬಡದು ತೂತು ಮಾಡಿ, ಹೊಳಗುಂದಕ್ಕ ಬಂದು ನಿನ್ನ ಕೊರಳಿಗೆ ಕಟ್ಟಿದ್ರು."

ತಜ್ಞರು ಭೂತಗನ್ನಡಿಯನ್ನು ಹಣೆಯ ಮೇಲಕ್ಕೆ ಸರಿಸಿದರು.

"ಕಟ್ಟಿ ಕುಂತವರು ಸೀನಿದ್ರು," ಅತ್ತೆ ಅಳುತ್ತಳುತ್ತಲೇ ನಕ್ಕರು. "ನೀನು ಅವರ ಮುಖಾನ ನೋಡಿ, ಹಂಗ ಸೀನಿದಿ. ಕಡೀಕ 'ಶಿವಾ' ಅಂದಿ! ಅದ ನಿನ್ನ ಮೊದಲನೇ ಮಾತು. ಅವತ್ತಿನಿಂದ ಇವರಿಗೆ ಈ ಪ್ರಾಣಿ ಹುಚ್ಚು, ಅವತ್ತಿನಿಂದ ನಿನ್ನ ಬಾಯಿ ನಿಂತಿಲ್ಲ."

ತಜ್ಞರತ್ತ ತಿರುಗಿ ಏನೋ ಹೇಳಬೇಕೆಂದು ಬಾಯಿ ತೆರೆದೆ. ಪ್ರಿನ್ಸಿಪಾಲರು, ಕಂಡಕ್ಟರ್, ಬಸ್‌ಸ್ಟ್ಯಾಂಡಿನ ಮೈಕು, ಯಾರೂ ಸಹಾಯಕ್ಕೆ ಬರಲಿಲ್ಲ. ಕೊನೆಗೆ ಹೊರಟಿದ್ದು ಒಂಚೂರೂ ಚೊಲೋ ಇಲ್ಲದ ನನ್ನದೇ ಧ್ವನಿ.

"ಸರ್, ಅದು ಗಿಳಿನ ರೀ. ನನಗ ಗೊತ್ತು."

ತಜ್ಞರು ನಾಣ್ಯವನ್ನು ನೋಡಿದರು, ನನ್ನನ್ನು ನೋಡಿದರು, ಮಾವನನ್ನು ನೋಡಿದರು. ಚೀಟಿಯಲ್ಲಿ 'ಪಕ್ಷಿ' ಎಂದು ಬರೆದು, "ಇದಕ್ಕಿಂತ ಕೆಳಗೆ ನಾನು ಇಳಿಯಲಾರೆ" ಎಂದು ಕೈಗವಸು ಬಿಚ್ಚುತ್ತ ಮುಂದಿನ ಮೇಜಿಗೆ ಹೋದರು. ಹೋಗುವಾಗ ಭೂತಗನ್ನಡಿ ಒರೆಸಿಕೊಂಡರು. ಅದು ಧೂಳಿಗೇ ಇರಬೇಕು.

"ತೂತಾದರೂ ಮುಚ್ಚಸಬಹುದಿತ್ತಲ್ಲ ಮಾವ," ಎಂದೆ ಮೆಲ್ಲಗೆ.

ಮಾವ ಸುತ್ತ ನೋಡಿ, ಯಾರ್ಡಿನಲ್ಲಿ ರೇಟು ಹೇಳುವಷ್ಟು ಗುಟ್ಟಾಗಿ, ನನ್ನ ಕಿವಿಯ ಹತ್ತಿರ ಬಂದರು. "ಮುಚ್ಚಿದ ಮ್ಯಾಲ ಮಾತು ನಿಂತುಬಿಟ್ರ?"

ಜನ ಬರತೊಡಗಿದರು. ಮಾವ ಇಸ್ತ್ರಿ ಅಂಗಿಯಲ್ಲಿ ಕುರ್ಚಿ ತುಂಬ ಕೂತಿದ್ದರು. ಯಾರೋ ಒಬ್ಬರು ಚೀಟಿಯತ್ತ ಬಗ್ಗಿ, "ಯಾವ ಪಕ್ಷಿರೀ ಇದು?" ಎಂದರು. "ಗಿಳಿ" ಎಂದರು ಮಾವ. ಅವರು ನಕ್ಕು, "ಗಿಳಿ ಅಂತೀರಿ, ಮಾತಾಡ್ತೈತೇನ್ರಿ?" ಎಂದು ಕೇಳಿದರು.

ಮಾವ ತಲೆಯೆತ್ತದೆ, ಬಟ್ಟಲನ್ನು ಒಂದಿಷ್ಟು ನೇರ ಮಾಡುತ್ತ ಹೇಳಿದರು:

"ಮಾತಾಡ್ತೈತ್ರಿ. ನಿಮ್ಮ ಬಾಜೂಕ ನಿಂತೈತಿ ನೋಡ್ರಿ. ಸುಮ್ಮನಿರಸೋದು ಹೆಂಗಂತ ಗೊತ್ತಿದ್ರ ನೀವ ಹೇಳ್ರಿ."